ಮೂರನೇ ಕೂಗಿಗೆ ಓ

ಓಡುವುದನ್ನೂ ಒಬ್ಬರು ಕಲಿಸುತ್ತಾರೆ ಎಂಬುದು ನಮಗೆ ಗೊತ್ತೇ ಇರದ ದಿನಗಳವು. ಕರು ಹಗ್ಗ ಹರಿದುಕೊಂಡರೆ ಓಡುತ್ತಿದ್ದೆವು, ಶಾಲೆಯ ಗಂಟೆ ಬಡಿದರೆ ಓಡುತ್ತಿದ್ದೆವು, ಆಯಿ ಕಟ್ಟಿಗೆ ಎತ್ತಿಕೊಂಡರೆ ಇನ್ನೂ ಜೋರಾಗಿ ಓಡುತ್ತಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ, ತಡಸದ ಆಚೆ ಕಾಡಂಚಿನ ಒಂದು ಕನ್ನಡ ಶಾಲೆಯಲ್ಲಿ ಒಂದು ವಾರ ಓಟದ ಶಿಬಿರ ಮಾಡಿದರು. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ, ನಾಲ್ಕೂ ತಾಲೂಕುಗಳಿಂದ ಆರಿಸಿದ ಮಕ್ಕಳು. ಹುಡುಗರಿಗೆ ಒಂದು ಕೋಣೆ, ಹುಡುಗಿಯರಿಗೆ ಒಂದು. ನಮ್ಮ ಕೋಣೆಯಲ್ಲಿ ನನ್ನ ಒಂದು ಮಗ್ಗುಲಿಗೆ ಸವಣೂರಿನ ರಜಿಯಾ, ಇನ್ನೊಂದು ಮಗ್ಗುಲಿಗೆ ನೀಲವ್ವ. ಅಡುಗೆಗೆ ಆ ಊರಿನ ಇಬ್ಬರು ಹೆಣ್ಣುಮಕ್ಕಳು. ಎಲ್ಲರ ಮೇಲೆ, ಕೊರಳಲ್ಲಿ ಸೀಟಿ ಹಾಕಿಕೊಂಡ ಪಿ.ಟಿ. ಮಾಸ್ತರರು.

ನೀಲವ್ವ ನನ್ನ ಸೋದರತ್ತೆಯ ಮಗಳು. ಅತ್ತೆ ತೀರಿಕೊಂಡ ಮೇಲೆ ಆಯಿ, ಅಂದರೆ ನಮ್ಮಪ್ಪನ ತಾಯಿ, ಮೊಮ್ಮಗಳನ್ನು ಎತ್ತಿಕೊಂಡು ಅಬಲೂರಿನ ಹತ್ತಿರದ ನಮ್ಮೂರಿಗೆ ಬಂದುಬಿಟ್ಟಿದ್ದಳು. ನಾವಿಬ್ಬರೂ ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು. ಓಟದಲ್ಲಿ ಮಾತ್ರ ಅವಳ ಸಮ ನಾನಲ್ಲ, ಯಾರೂ ಅಲ್ಲ. ರಂಟೆ ಹೊಡೆದ ಹೊಲದ ಹೆಂಟೆಗಳ ಮೇಲೆ ಬರಿಗಾಲಲ್ಲಿ ಅವಳು ಓಡಿದರೆ ಹೆಂಟೆ ಒಡೆಯುತ್ತಿರಲಿಲ್ಲ.

ಅವಳಪ್ಪ ಹರಿಹರದ ಕಡೆ ಇನ್ನೊಂದು ಲಗ್ನ ಮಾಡಿಕೊಂಡಿದ್ದರು. ಆ ಮನೆಯಲ್ಲಿ ಸಣ್ಣ ಕೂಸುಗಳು, ಆಡಿಸುವುದಕ್ಕೆ ನೀಲವ್ವ ಬೇಕಾಗಿದ್ದಳು. ದೀಪಾವಳಿಗೆ ಬಂದವರು ಅವಳ ಅರಿವೆ ಗಂಟು ಕಟ್ಟಿಸಿಯೇಬಿಟ್ಟಿದ್ದರು. ಅಷ್ಟರಲ್ಲಿ ಶಾಲೆಯ ಹೆಡ್‌ಮಾಸ್ತರರು ಬಂದು, ಶಿಬಿರದಲ್ಲಿ ಆಯ್ಕೆಯಾದವರಿಗೆ ಧಾರವಾಡದಲ್ಲಿ ಇರುವುದು, ಉಣ್ಣುವುದು, ಓದುವುದು ಎಲ್ಲ ಸರಕಾರದ್ದೇ ಎಂದು ತಿಳಿಸಿ ಹೇಳಿದರು. ಮಾವ ಬಹಳ ಹೊತ್ತು ಅಡಿಕೆ ಅಗಿದರು.

"ಆರಿಸಿ ಬಂದ್ರ ಧಾರವಾಡಕ್ಕ ಹೋಗಲಿ. ಇಲ್ಲಂದ್ರ ನಮ್ಮ ಮನಿಗೆ ಬರಲಿ. ನಡಕ ಇನ್ನೊಂದ ಮಾತಿಲ್ಲ," ಎಂದರು. ಕಟ್ಟಿದ ಗಂಟನ್ನು ಆಯಿ ಬಿಚ್ಚಲಿಲ್ಲ. ಹಾಗೇ ಗೂಟಕ್ಕೆ ತೂಗುಹಾಕಿದಳು.

ಆಯಿಯ ಒಂದು ವಿಷಯ ಇಲ್ಲಿ ಹೇಳಬೇಕು. ನಾನು ಮಾತು ಕಲಿತದ್ದೇ ಅವಳ ಬಾಯಿಂದ, ಮಾತಿನ ಜೊತೆಗೆ ಅವಳ ಅಂಜಿಕೆಗಳನ್ನೂ ಕಲಿತೆ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಹೆಸರು ಹಿಡಿದು ಕರೆದರೂ ಒಂದೇ ಸಲಕ್ಕೆ ಓ ಅನ್ನಬಾರದು. ಮೂರು ಸಲ ಕರೆಯಬೇಕು. "ಮನುಷ್ಯಾರಾದ್ರ ಮತ್ತ ಕರೀತಾರ. ಅದಕ್ಕ ಒಮ್ಮೆ ಕರಿಯೂದಷ್ಟ ಗೊತ್ತು. ನಿಮ್ಮವರದ ದನಿ ತಗೊಂಡು ಕರೀತೈತಿ. ಓ ಅಂದ್ರೋ, ಹೋದ್ರಿ," ಎನ್ನುತ್ತಿದ್ದಳು. ಅದು ಅಂದರೆ ಯಾವುದು ಎಂದು ನಾವು ಕೇಳಿದವರಲ್ಲ, ಅವಳು ಹೇಳಿದವಳಲ್ಲ. ಓಣಿಯವರಿಗೆಲ್ಲ ಇದು ಗೊತ್ತಿತ್ತು. ಪಕ್ಕದ ಮನೆಯ ಬಸಕ್ಕ ಹೆಪ್ಪು ಕೇಳಲು ಬಂದರೆ ಬಾಗಿಲಲ್ಲಿ ನಿಂತು ಮೂರು ಸಲ ಕರೆದು, "ನೀ ಓ ಅನ್ನೂದರಾಗ ನನ್ನ ಹಾಲು ಆರಿ ಹೊಕ್ಕಾವ ನೋಡ ಆಯೀ," ಎಂದು ನಗುತ್ತಿದ್ದಳು. ಆಯಿ ನಗುತ್ತಿರಲಿಲ್ಲ.

ಬಸ್ಸಿಗೆ ಕೂಡಿಸುವಾಗ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಳ್ಳುಂಡಿ ಕಟ್ಟಿಕೊಟ್ಟು ಆಯಿ ಮತ್ತೆ ಅದನ್ನೇ ತೆಗೆದಳು. "ಅದು ಅಡವಿ. ಹೊತ್ತ ಮುಣಗಿದ ಮ್ಯಾಲ ಯಾರ ಕರದ್ರೂ..."

"ಗೊತ್ತೈತಿ ಬಿಡ ಆಯೀ. ಮೂರ ಸಲ," ಎಂದಳು ನೀಲವ್ವ, ಕಿಟಕಿಯೊಳಗಿನಿಂದ.

ಎರಿಭೂಮಿಯ ಜೋಳದ ಹೊಲಗಳಲ್ಲಿ ಬೆಳೆದ ನಮಗೆ ಕಾಡು ಎಂದರೆ ಕಣ್ಣು ಕಟ್ಟಿದ ಹಾಗೆ. ನಮ್ಮಲ್ಲಿ ಹರದಾರಿ ದೂರದ ಮನುಷ್ಯ ಕಾಣುತ್ತಾನೆ. ಇಲ್ಲಿ ಹತ್ತು ಹೆಜ್ಜೆ ಮುಂದಿದ್ದವರು ಸಾಗವಾನಿ ಮರಗಳಲ್ಲಿ ಕರಗಿಹೋಗುತ್ತಿದ್ದರು. ಹಾನಗಲ್ಲಿನ ಹುಡುಗರು, ಕಾಡು ಕಂಡವರು, ನಮ್ಮನ್ನು ಜೋಳದ ಹೊಲದ ಇಲಿಗಳೆಂದು ಕರೆದರು. "ಇಲಿ ಹಿಡಿಯಾಕ ನಿಮ್ಮಪ್ಪ ಬರಬೇಕು," ಎಂದ ನೀಲವ್ವ ಮರುದಿನ ಬೆಳಿಗ್ಗೆ ಅವರೆಲ್ಲರಿಗಿಂತ ಮೊದಲು ಶಾಲೆಯ ಕಟ್ಟೆ ಮುಟ್ಟಿದಳು. ಆಮೇಲೆ ಯಾರೂ ಇಲಿ ಎನ್ನಲಿಲ್ಲ.

ನಸುಕಿನಲ್ಲೇ ಸೀಟಿ ಊದುತ್ತಿತ್ತು. ಬಾಯಿಂದ ಹೊಗೆಯಂಥ ಉಸಿರು. ಇಬ್ಬನಿಗೆ ನೆನೆದ ಎಲೆಯ ವಾಸನೆ, ಒಲೆಯಲ್ಲಿ ಹಸಿ ಕಟ್ಟಿಗೆಯ ಹೊಗೆ. ಓಡಿ ಬಂದರೆ ಬಿಸಿ ನುಚ್ಚು, ಮೇಲೆ ನೀರಿನಂಥ ಸಾರು. ರಜಿಯಾ ತನ್ನೂರಿನ ಖಾರದ ಪೊಟ್ಟಣ ಬಿಚ್ಚಿ ನುಚ್ಚಿನ ಮೇಲೆ ಚಿಟಿಕೆ ಚಿಟಿಕೆ ಉದುರಿಸುತ್ತಿದ್ದಳು, ಔಷಧ ಕೊಟ್ಟ ಹಾಗೆ. ಶಿಬಿರದವರು ಕೊಟ್ಟ ಕ್ಯಾನ್ವಾಸ್ ಬೂಟುಗಳು ಎಲ್ಲರಿಗೂ ದೊಡ್ಡವು. ಬೆರಳ ಕಡೆ ಅರಿವೆ ತುರುಕಿಕೊಂಡು ಓಡಿದೆವು. ಸಂಜೆ ಬೂಟು ಬಿಚ್ಚಿದರೆ ಆ ಅರಿವೆಗೆ ರಕ್ತ ಅಂಟಿರುತ್ತಿತ್ತು. ಉಂಡ ಮೇಲೆ ಮಾಸ್ತರರು ಕೆಲವರ ಹೆಸರು ಹೇಳುತ್ತಿದ್ದರು. ಹೆಸರು ಬಂದವರು ಮರುದಿನ ಮನೆಯ ದಾರಿ ಹಿಡಿಯಬೇಕು. ಹೆಸರು ಹೇಳುವ ಹೊತ್ತಿಗೆ ನೀಲವ್ವನ ಕೈ ಕೌದಿಯೊಳಗೆ ನನ್ನ ಕೈಯನ್ನು ಹುಡುಕುತ್ತಿತ್ತು. ನನ್ನ ಹೆಸರು ಬೇಗನೆ ಬಂತು. ಒಬ್ಬಳನ್ನೇ ಕಳಿಸುವುದು ಹೇಗೆಂದು ನನ್ನನ್ನು ಅಡುಗೆಯವರ ಕೈಕೆಳಗೆ ಹಾಕಿ ಉಳಿಸಿಕೊಂಡರು.

ಮಾಸ್ತರರು ಮಿಲಿಟರಿಯಿಂದ ಬಂದವರು. ನಕಾಶೆಯ ಓಟ ಎಂಬುದನ್ನು ಅವರೇ ಕಲಿಸಿದರು. ಉತ್ತರಕ್ಕೆ ಸ್ವೀಡನ್ ಅಂತ ಒಂದು ದೇಶ ಇದೆಯಂತೆ, ಅಲ್ಲಿ ಮಕ್ಕಳು ಸಹ ಕೈಯಲ್ಲಿ ನಕಾಶೆ, ದಿಕ್ಸೂಚಿ ಹಿಡಿದು ಕಾಡಿನಲ್ಲಿ ಓಡುತ್ತಾರಂತೆ, ನೆಲದ ತುಂಬ ಹಿಮ ಇದ್ದರೂ ದಾರಿ ತಪ್ಪುವುದಿಲ್ಲವಂತೆ. ನಮಗೆ ಹಿಮವೂ ಗೊತ್ತಿಲ್ಲ, ನಕಾಶೆಯೂ ಗೊತ್ತಿಲ್ಲ. ಮಾಸ್ತರರು ಕಾಡಿನ ಅಲ್ಲಲ್ಲಿ ಮರಗಳಿಗೆ ಬಣ್ಣದ ದಾರದ ಕಟ್ಟುಗಳನ್ನು ತೂಗುಬಿಡುತ್ತಿದ್ದರು. ಒಂದೊಂದು ಮರದಲ್ಲಿ ಒಂದೊಂದು ಬಣ್ಣ. ಒಬ್ಬೊಬ್ಬರಾಗಿ ಹೋಗಿ, ಪ್ರತಿ ಬಣ್ಣದಿಂದ ಒಂದು ಎಳೆ ಕಿತ್ತು ಮುಂಗೈಗೆ ಕಟ್ಟಿಕೊಂಡು ಬರಬೇಕು. ನೀಲವ್ವನಿಗೆ ಅದು ಬಲು ಬೇಗ ಹಿಡಿಸಿತು. ಆಯಿಯ ಮನೆಯಲ್ಲಿ ಎಡಕ್ಕೆ ಸರಿ, ಬಲಕ್ಕೆ ಸರಿ ಎಂಬ ಮಾತೇ ಇರಲಿಲ್ಲ. ಉಣ್ಣಲು ಕೂತಾಗಲೂ ಮೂಡಲಕ್ಕೆ ಸರಿ, ಬಡಗಲಕ್ಕೆ ಸರಿ ಎಂದೇ ಹೇಳುತ್ತಿದ್ದಳು. ನಾಲ್ಕು ದಿಕ್ಕು ನೀಲವ್ವನ ಮೈಯಲ್ಲಿ ಕೂತಿದ್ದವು.

ಕೊನೆಯ ಪರೀಕ್ಷೆ ಒಂದು ಮಧ್ಯಾಹ್ನ. ಹೊತ್ತು ಮುಳುಗುವುದರೊಳಗೆ ಎಲ್ಲ ಬಣ್ಣ ತಂದವರು ಧಾರವಾಡಕ್ಕೆ. ನೀಲವ್ವ ಹೊರಡುವ ಮುಂಚೆ ಅಡುಗೆಮನೆಗೆ ಬಂದು ನನ್ನ ಕೈಯಿಂದ ಒಂದು ಚೂರು ಬೆಲ್ಲ ಇಸಿದುಕೊಂಡಳು. "ಗೂಟದ ಮ್ಯಾಲಿನ ಗಂಟ ಬಿಚ್ಚಾಕ ಆಯಿಗೆ ಹೇಳೂಣಂತ," ಎಂದು ಹೋದಳು.

ಒಬ್ಬೊಬ್ಬರೇ ಬಂದರು. ರಜಿಯಾ ಬಂದಳು, ಮುಂಗೈ ತುಂಬ ಬಣ್ಣ. ಹೊತ್ತು ಮುಳುಗಿತು. ನೀಲವ್ವ ಬರಲಿಲ್ಲ.

ಮಾಸ್ತರರು ಊರಿನ ಗಂಡಸರನ್ನು ಕೂಡಿಸಿ, ಕಂದೀಲು, ಪಂಜು ಹಿಡಿಸಿಕೊಂಡು ಕಾಡಿಗೆ ಹೋದರು. ನಮ್ಮನ್ನು ಕೋಣೆಯೊಳಗೆ ಹಾಕಿ ಹೊರಗೆ ಚಿಲಕ ಹಾಕಿದರು. ಗೋಡೆಗೆ ಕಿವಿ ಹಚ್ಚಿ ಕೂತೆವು. ದೂರದಲ್ಲಿ, ನೀಲವ್ವಾ ಎಂದು ಒಂದು ದನಿ. ಆಮೇಲೆ ಏನೂ ಇಲ್ಲ. ಬಹಳ ಹೊತ್ತಿನ ಮೇಲೆ, ಇನ್ನೂ ದೂರದಲ್ಲಿ, ಇನ್ನೊಂದು. ಮತ್ತೆ ಏನೂ ಇಲ್ಲ. ರಜಿಯಾ ಬಾಯೊಳಗೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತ ಇದ್ದಳು. ಅಳುತ್ತ ಅಳುತ್ತ ಯಾವಾಗ ಮಲಗಿದೆವೋ.

ಬೆಳಕು ಹರಿದಾಗ ಗಂಡಸರು ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ಚಹಾ ಕೊಡಲು ಹೋದೆ. ಕರೆಯದ ಜಾಗ ಒಂದು ಉಳಿದಿಲ್ಲ, ಇದ್ದಿದ್ದರೆ ಓ ಅನ್ನುತ್ತಿದ್ದಳು ಎಂದು ಅವರಲ್ಲೊಬ್ಬ ಮೆಲ್ಲಗೆ ಹೇಳುತ್ತಿದ್ದ. ನನ್ನ ಕೈಯ ಬಟ್ಟಲು ನಿಂತಿತು.

"ಸರ, ಎಷ್ಟ ಸಲ ಕರದ್ರಿ?" ಎಂದು ಮಾಸ್ತರರನ್ನು ಕೇಳಿದೆ.

"ರಾತ್ರಿಯೆಲ್ಲಾ ಕರದೇವಿ."

"ಅಲ್ಲರಿ, ನಿಂತಲ್ಲೆ ಎಷ್ಟ ಸಲ?"

"ಒಮ್ಮೆ. ಒಮ್ಮೆ ಕರದು ಸುಮ್ಮನ ನಿಂತು ಕೇಳಬೇಕು. ಒದರಕೊಂತ ಹೋದ್ರ ಗಾಯ ಆದವರ ದನಿ ನಮಗ ಕೇಳಿಸೂದಿಲ್ಲ." ಮಿಲಿಟರಿಯಲ್ಲಿ ಅವರಿಗೆ ಹಾಗೆ ಕಲಿಸಿದ್ದರು. ಅದು ಸರಿಯಾದ ಮಾತೇ.

"ಆಕಿ ಮೂರ ಸಲ ಕರದ್ರಷ್ಟ ಓ ಅಂತಾಳ್ರಿ. ನಮ್ಮ ಆಯಿ ಹಂಗ ಹೇಳ್ಯಾಳ."

ಯಾರಾದರೂ ನಗುತ್ತಾರೆ ಎಂದುಕೊಂಡೆ. ಮಾಸ್ತರರು ಬಟ್ಟಲು ಕೆಳಗಿಟ್ಟು ನನ್ನ ಮುಖ ನೋಡಿದರು. ಅವರ ಮುಖ ಆಗ ಹೇಗಾಯಿತು ಎಂಬುದನ್ನು ಇಂದಿಗೂ ಬರೆಯಲಾರೆ. "ನಡಿ," ಎಂದರು.

ಅವರು ರಾತ್ರಿ ನಿಂತ ಜಾಗಗಳಲ್ಲೆಲ್ಲ ನಿಂತು ನಾನು ಕರೆದೆ. ನೀಲವ್ವಾ, ನೀಲವ್ವಾ, ನೀಲವ್ವಾ. ಬಸಕ್ಕ ಬಾಗಿಲಲ್ಲಿ ನಿಂತು ಕರೆಯುವ ಹಾಗೆ, ಒಂದೇ ಜಾಗದಿಂದ, ಒಂದೇ ದನಿಯಲ್ಲಿ. ಬಿದಿರು ಮೆಳೆಯ ಹತ್ತಿರ ಮೂರನೆಯ ಸಲ ಕರೆದು ಮುಗಿಸುವುದರೊಳಗೆ ನೆಲದೊಳಗಿನಿಂದ ಬಂದ ಹಾಗೆ ಸಣ್ಣಗೆ ಕೇಳಿಸಿತು. "ಓ."

ಹಿಂದೆ ಯಾವಾಗಲೋ ಇದ್ದಲಿ ಸುಟ್ಟವರು ತೋಡಿಬಿಟ್ಟ ಗುಂಡಿ ಅದು. ಮೇಲೆ ಸಾಗವಾನಿಯ ಒಣಎಲೆ ಮುಚ್ಚಿ ನೆಲವೇ ಎನ್ನುವಂತಿತ್ತು. ಗುಂಡಿಯ ಅಂಚಿನಲ್ಲಿ ರಾತ್ರಿಯ ಪಂಜಿನಿಂದ ಉದುರಿದ ಕರಿ ಬಿದ್ದಿತ್ತು. ಅಷ್ಟು ಹತ್ತಿರ ಬಂದು ಹೋಗಿದ್ದರು.

ಎಲೆಗಳನ್ನು ಮೈಮೇಲೆ ಎಳೆದುಕೊಂಡು ಅವಳು ಕೂತಿದ್ದಳು. ತುಟಿ ನೀಲಿಗಟ್ಟಿದ್ದವು. ಮೊಣಕಾಲ ಕೆಳಗೆ ಕಾಲು ಬೇರೆ ಕಡೆ ತಿರುಗಿತ್ತು, ಎಲುಬು ಹೊರಗೆ ಬಂದಿತ್ತು. ನನ್ನನ್ನು ನೋಡಿ ಮುಂಗೈ ಎತ್ತಿ ತೋರಿಸಿದಳು. "ಎಲ್ಲಾ ದಾರ ಅದಾವ ನೋಡ. ಹಳದೀದೊಂದ ಉಳದೈತಿ. ತರ್ತೇನಿ ಅಂತ ಸರಗ ಹೇಳ," ಎಂದಳು.

ಮಾಸ್ತರರು ಬಿದಿರು ಸೀಳಿ ಕಾಲಿನ ಎರಡೂ ಮಗ್ಗುಲಿಗೆ ಇಟ್ಟು, ಕೊರಳಿನ ಸೀಟಿಯ ದಾರ ಬಿಚ್ಚಿ ಅದರಿಂದಲೇ ಕಟ್ಟಿದರು. ಸೀಟಿ ಅಲ್ಲೇ ಎಲೆಗಳಲ್ಲಿ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಹುಬ್ಬಳ್ಳಿಯ ದವಾಖಾನೆಗೆ ಅಪ್ಪ ಆಯಿಯನ್ನು ಕರೆದುಕೊಂಡು ಬಂದರು. ಗಾಯ ಕೆಟ್ಟಿದೆ, ರಾತ್ರಿಯೇ ತಂದಿದ್ದರೆ ಮಾತು ಬೇರೆ ಇತ್ತು, ಕಾಲು ಉಳಿಯುತ್ತದೆ ಆದರೆ ಗಿಡ್ಡ ಆಗುತ್ತದೆ ಎಂದು ಡಾಕ್ಟರರು ಹೇಳಿದ್ದನ್ನು ಆಯಿ ನಿಂತು ಕೇಳಿದಳು. ಆಮೇಲೆ ಮಂಚದ ಹತ್ತಿರ ಬಂದು ಕೂತಳು.

"ಅಷ್ಟ ಮಂದಿ ಕರದಾರಲ್ಲ ಮಗಳ, ಒಬ್ಬರದರ ಕೇಳಲಿಲ್ಲ?"

"ಎಲ್ಲಾ ಕೇಳಿಸ್ತು. ಸರ ದನಿ ಇದ್ದಂಗನ ಇತ್ತು. ಆದ್ರ ಒಮ್ಮೆ ಅಷ್ಟ ಕರೀತಿತ್ತು." ನೀಲವ್ವನ ದನಿಯಲ್ಲಿ ದೂರು ಇರಲಿಲ್ಲ. ಪಾಠ ಒಪ್ಪಿಸುವ ಹುರುಪಿತ್ತು. "ಬೆಳಕ ಹರಿಯೂತನಾ ಬಾಯಿ ಮುಚ್ಚಿಗೊಂಡು ಕುಂತಿದ್ದೆ. ನೀ ಹೇಳಿದಂಗ ಮಾಡೇನಿ ಆಯೀ."

ಆಯಿ ಅವಳ ಹಣೆಯ ಮೇಲಿನ ಕೂದಲು ಸರಿಸಿದಳು. "ಶ್ಯಾಣ್ಯಾಕಿ," ಎಂದಳು. ಎದ್ದು ಹೊರಗಿನ ಪಡಸಾಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಮನೆಗೆ ನಡೆಯೆಂದು ಅಪ್ಪ ಕರೆಯಲು ಹೋದರೆ, ಎಷ್ಟು ಕರೆದರೂ ತಿರುಗಲಿಲ್ಲ.

ರಜಿಯಾ ಧಾರವಾಡಕ್ಕೆ ಹೋದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಮಾವ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಆಡಿದ ಮಾತು ಬಿಡುವವರಲ್ಲ. ಗೂಟದ ಮೇಲಿನ ಗಂಟು ಕಟ್ಟಿದ ಹಾಗೇ ಇತ್ತು. ಅದನ್ನೇ ತೆಗೆದುಕೊಂಡರು. ರೈಲು ಸ್ಟೇಷನ್ನಿನವರೆಗೆ ನಾನೂ ಅಪ್ಪನೂ ಹೋದೆವು. ಪ್ಲಾಟ್‌ಫಾರ್ಮಿನ ಮೇಲೆ ನೀಲವ್ವ ನಡೆಯುವುದನ್ನು ಮೊದಲ ಸಲ ಹಿಂದಿನಿಂದ ನೋಡಿದೆ. ಅಲ್ಲಿಯವರೆಗೆ ಅವಳ ಹಿಂದೆ ನಾನು ಓಡಿದ್ದೆ, ನಡೆದಿರಲಿಲ್ಲ.

ಈಗ ನಮ್ಮ ಬಾಗಿಲಿಗೂ ಗಂಟೆ ಇದೆ. ಬಂದವರು ಗುಂಡಿ ಒತ್ತುತ್ತಾರೆ, ಇಲ್ಲವೇ ಓಣಿಯ ತುದಿಯಿಂದಲೇ ಫೋನ್ ಮಾಡುತ್ತಾರೆ. ಹೊರಗೆ ನಿಂತು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ನನ್ನ ಹೆಸರನ್ನು ಬಯಲಿನಲ್ಲಿ, ಪೂರ್ತಿ ಗಂಟಲಿನಿಂದ ಯಾರಾದರೂ ಕೂಗಿ ಎಷ್ಟು ವರ್ಷವಾಯಿತೋ. ಹೆಪ್ಪೂ ಅಂಗಡಿಯ ಪಾಕೀಟಿನ ಮೊಸರಿನಿಂದಲೇ. ಮಕ್ಕಳಿಗೆ ಓ ಅನ್ನುವುದೇ ಗೊತ್ತಿಲ್ಲ, ಹಾಂ ಎನ್ನುತ್ತಾರೆ. ಆಯಿ ಕಲಿಸಿದ ಮಾತುಗಳಲ್ಲಿ ಎಷ್ಟನ್ನೋ ನಾನು ಇಟ್ಟುಕೊಂಡೆ, ಮಕ್ಕಳಿಗೂ ಕೊಟ್ಟೆ. ಆ ಒಂದನ್ನು ಕೊಡಲಿಲ್ಲ.

ಎಂಬತ್ತರ ದಶಕ ಹುಟ್ಟಿ ಕೆಲವು ವರ್ಷವಾಗಿತ್ತು. ಒಂದು ಸಂಜೆ, ದೀಪ ಹಚ್ಚಿದ ಮೇಲೆ, ನಾನೂ ಆಯಿಯೂ ಒಳಗೆ ಕೂತು ಅವರೆ ಬಿಡಿಸುತ್ತಿದ್ದೆವು. ಆಯಿಗೆ ಕಣ್ಣು ಮಂಜಾಗಿದ್ದವು. ಹೊರಗೆ ಒಂದು ದನಿ, "ಆಯೀ" ಎಂದು ಕರೆದು ನಿಂತಿತು. ಮತ್ತೆ ಕರೆಯಲು ಉಸಿರು ಎಳೆದುಕೊಂಡದ್ದು ನಮಗೆ ಕೇಳಿಸಿತು. ಅಷ್ಟರಲ್ಲಿ ಆಯಿಯ ಮಡಿಲಿನ ಅವರೆಯೆಲ್ಲ ನೆಲಕ್ಕೆ ಚೆಲ್ಲಿತು. ಅವಳು ಎದ್ದು ನಿಂತು, ಕತ್ತಲೆಯ ಬಾಗಿಲಿಗೆ ಮುಖ ಕೊಟ್ಟು, "ಓ" ಎಂದಳು.