ಅಪ್ಪನ ಹುಣಸೆ ಎಲೆಯ ಅಂಚು

ತಪ್ಪು ಮಾಡಿದಾಗ ಬೈಯದೆ ಸುಮ್ಮನಿರುವ ಯಂತ್ರದಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲವೆಂಬುದು, ಹಿಂದೂಪುರದಲ್ಲಿ ಕಾಲೇಜು ಮಕ್ಕಳಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹೇಳಿಕೊಟ್ಟು ಹೊಟ್ಟೆ ಹೊರೆಯುವ ನನ್ನ ಅನುಭವ. ಕೆಂಪಕ್ಷರದಲ್ಲಿ ಉಗಿದರೆ ತಿದ್ದಿಕೊಳ್ಳಬಹುದು. ಎಲ್ಲ ಸರಿಯಿದೆಯೆಂಬಂತೆ ನಡೆದುಹೋದರೆ ನನ್ನಂಥ ಸ್ವಘೋಷಿತ ಪಂಡಿತ ಬೀಗುತ್ತಾನೆ.

ನಮ್ಮದು ಮಗ್ಗದ ಮನೆತನ. ನೇಯುವವರಲ್ಲಿ ಮನೆಗೊಂದು ಅಂಚು. ಅಪ್ಪನದು ಹುಣಸೆ ಎಲೆಯದು. ಅಪ್ಪ ಹೋಗಿ, ಆ ಅಂಚಿದ್ದ ಅಕ್ಕನ ಮದುವೆ ಸೀರೆಯೂ ಎಂದೋ ಜೀರ್ಣವಾಗಿ, ಅದೀಗ ಒಂದು ಗ್ರಾಫ್ ಹಾಳೆಯಲ್ಲಷ್ಟೇ ಉಳಿದಿತ್ತು. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಅಕ್ಕ, ಡಾಕ್ಟರು ಕೈಚೆಲ್ಲಿದ ಮೇಲೆ, ನನ್ನನ್ನು ಕೇಳಿದ್ದು ಒಂದೇ: "ಹೆಣ್ಣು ಹೋದಾಗ ತವರಿನ ಸೀರೆ ಹೊದಿಸ್ತಾರಲ್ಲಪ್ಪ, ಅಪ್ಪನ ಅಂಚಿಂದೇ ತಂದ್ಬುಡು. ಜೀವ ಇರೋವಾಗ್ಲೇ ಒಂದ್ಸಲ ನೋಡ್ತೀನಿ."

ಸೋಮಂದೇಪಲ್ಲಿಯಲ್ಲಿ ಚಿಕ್ಕಪ್ಪನ ಮಗ ನಡೆಸುವ ಕಂಪ್ಯೂಟರ್ ಮಗ್ಗಕ್ಕೆ ವಿನ್ಯಾಸ ಬರೆದುಕೊಡುವ ಪ್ರೋಗ್ರಾಂ ನನ್ನ ಕೈವಾಡವೇ. ಅದರಲ್ಲಿ 'ಸೀರೆ' ಎಂಬ ತಾಯಿ ಕ್ಲಾಸು, ಅಂದರೆ ಎಲ್ಲ ಸೀರೆಗಳ ಮೂಲ ಅಚ್ಚು. ಎಲ್ಲ ಕ್ಲಾಸುಗಳ ಹೊರಗೆ, ಫೈಲಿನ ಬಯಲಿನಲ್ಲಿ, ಎಲ್ಲರಿಗೂ ಹಾಕುವ ರುದ್ರಾಕ್ಷಿ ಅಂಚನ್ನು ಬಿಡಿಸುವ 'ಅಂಚು' ಎಂಬ ಫಂಕ್ಷನ್. ಅಕ್ಕನಿಗಾಗಿ ಮಗಳ ಕ್ಲಾಸೊಂದನ್ನು ಮಾಡಿ, ಅದರೊಳಗೆ ಅದೇ ಹೆಸರಿನಲ್ಲಿ ಹುಣಸೆ ಎಲೆಯನ್ನು ಬರೆದೆ. ತಾಯಿ ಇನ್ನು ಮಗಳ ಅಂಚನ್ನೇ ಕರೆಯುತ್ತಾಳೆಂದು ನಂಬಿ ಕೂತೆ. ಆದರೆ ಹಾಗೆ ಕರೆಯಬೇಕಾದರೆ ತಾಯಿಯಲ್ಲಿ 'ಅಂಚು' ಎಂಬುದಕ್ಕೆ ಮೊದಲು 'ಸೆಲ್ಫ್', ಅಂದರೆ 'ತನ್ನ', ಎಂಬ ಪುಟ್ಟ ಪದವಿರಬೇಕು. ಇಲ್ಲದಿದ್ದರೆ ಅವಳು ಮಗಳ ಕಡೆ ತಿರುಗಿಯೂ ನೋಡದೆ ಬಯಲಿನದನ್ನೇ ಕರೆಯುತ್ತಾಳೆ. ವರ್ಷವರ್ಷವೂ ಗಂಟಲು ಹರಿಯುವಂತೆ ನಾನು ಒದರುವ ಪಾಠವಿದು! ಆದರೂ ನಾನೇ ಆ ಪದ ಹಾಕದೆ ಬಿಟ್ಟಿದ್ದರಿಂದ ಮಗ್ಗಕ್ಕೆ ರುದ್ರಾಕ್ಷಿಯೇ ಹೋಯಿತು. ಪೈಥಾನ್ ತುಟಿ ಬಿಚ್ಚಲಿಲ್ಲ. ನಮ್ಮ ಮಗ್ಗಗಳಲ್ಲಿ ಸೀರೆಯ ಮುಖ ಕೆಳಗಿರುವುದರಿಂದ ನೇಯುವ ಚಿಕ್ಕಪ್ಪನ ಮಗನಿಗೂ ತಿಳಿಯಲಿಲ್ಲ. ಮಡಿಸಿ ಕೊಟ್ಟದ್ದನ್ನು ಬಿಚ್ಚಿ ನೋಡದೆ ನಾನು ಬಸ್ಸು ಹತ್ತಿದೆ.

ಅಕ್ಕ ಮಲಗಿದ್ದಲ್ಲೇ ಸೀರೆ ಬಿಚ್ಚಿಸಿ ಅಂಚಿನ ಮೇಲೆ ಬೆರಳಾಡಿಸಿದಳು. "ಚೆನ್ನಾಗೈತೆ ಕಣಪ್ಪ," ಎಂದಳು. ಅಂಚನ್ನು ಇನ್ನೊಮ್ಮೆ ಸವರಿ, "ಅಪ್ಪಂದಲ್ಲ, ಅಲ್ವಾ? ಪರವಾಲೇದು ಬಿಡು," ಎಂದು ನನಗೇ ಸಮಾಧಾನ ಹೇಳಿದಳು.

ಊರಿಗೆ ಬಂದವನೇ ಆ ಒಂದು ಪದ ಸೇರಿಸಿದೆ. ಎರಡನೆಯ ಸೀರೆ ಮಗ್ಗದ ಮೇಲೆ ಅರ್ಧವಾಗಿದ್ದಾಗ ಕಲ್ಯಾಣದುರ್ಗದಿಂದ ಫೋನು ಬಂತು. ಅಕ್ಕನಿಗೆ ರುದ್ರಾಕ್ಷಿ ಅಂಚಿನದನ್ನೇ ಹೊದಿಸಿದೆ.

ತಿಂಗಳು ಕಳೆದು, ಸರಿಯಾದ ಸೀರೆಯನ್ನು ಒಯ್ದು ಅವಳ ಮಗಳ ಕೈಗಿಟ್ಟೆ. ಹುಡುಗಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಬಲೇ ಚೆನ್ನಾಗೈತೆ ಮಾವ," ಎಂದಳು. "ಇದ್ಯಾರ ಮನೆ ಅಂಚು?"