ದಿಕ್ಸೂಚಿಯ ಮುಳ್ಳು ತಿರುಗಿದ ದಿನ

ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಗುಬ್ಬಿ, ಮತ್ತೆ ತುಮಕೂರು. ಇಷ್ಟನ್ನೂ ಒಂದೇ ದಿನದಲ್ಲಿ ಸೈಕಲ್ ತುಳಿದು ಮುಗಿಸುವ ಹವ್ಯಾಸಿಗಳ ಸ್ಪರ್ಧೆ ಅದು. ಹಿಂದಿನ ಸಲ ಗೆದ್ದವನ ಸೈಕಲ್ಲಿನ ಪೈಪಿನೊಳಗೆ ಪುಟ್ಟ ಮೋಟಾರು ಅಡಗಿತ್ತೆಂದು ಗುಲ್ಲೆದ್ದಿತ್ತು. ಅದಕ್ಕೇ ಈ ಸಲ ತಪಾಸಣೆಗೆ ನನ್ನನ್ನು ಕರೆದರು. ವಿಜ್ಞಾನದ ಮೇಷ್ಟ್ರು ಅಂದರೆ ಪೊಲೀಸ್ ನಾಯಿ ಅಂದುಕೊಂಡಿದ್ದರೋ ಏನೋ. ನಾನೂ ಉಬ್ಬಿಹೋಗಿ, ಶಾಲೆಯ ಲ್ಯಾಬಿನ ದಿಕ್ಸೂಚಿ ಹಿಡಿದು ಸ್ಪರ್ಧೆ ಮುಗಿಯುವ ಬಟವಾಡಿಯಲ್ಲಿ ನಿಂತೆ. ಮೋಟಾರಿನಲ್ಲಿ ಅಯಸ್ಕಾಂತ ಇರುತ್ತದೆ, ಹತ್ತಿರ ಹಿಡಿದರೆ ಮುಳ್ಳು ತಿರುಗುತ್ತದೆ. ಇಷ್ಟೇ ನನ್ನ ಪಾಂಡಿತ್ಯ.

ಮೊದಲು ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ನಿಟ್ಟೂರಿನ ಕಡೆ ಆಶಾ ಕಾರ್ಯಕರ್ತೆ, ದಿನವೂ ಅದೇ ಸೈಕಲ್ಲಿನಲ್ಲಿ ಮನೆಮನೆ ಸುತ್ತುವವಳು. ಹೊಸ ಹಗುರ ಸೈಕಲ್ಲಿನವರೆಲ್ಲ ಅವಳ ಹಿಂದೆ ಏದುಸಿರು ಬಿಡುತ್ತ ಬಂದರು. ಅವಳ ಸೀಟಿನ ಕೆಳಗಿನ ಪೈಪಿಗೆ ದಿಕ್ಸೂಚಿ ಹಿಡಿದೆ. ಮುಳ್ಳು ಸರಕ್ಕನೆ ತಿರುಗಿತು. ತಿರುಗುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟೆ.

ಜನ ಮುತ್ತಿಕೊಂಡರು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನನಗೆ ಹೊಳೆಯಿತು. ಉಳಿದವರದು ಅಲ್ಯೂಮಿನಿಯಂ, ಇವಳದು ಹಳೆಯ ಕಬ್ಬಿಣ. ಬರೀ ಕಬ್ಬಿಣಕ್ಕೂ ಮುಳ್ಳು ತಿರುಗುತ್ತದೆ. ಗಂಟಲು ಹರಿಯುವಂತೆ ಹೇಳಿದೆ. ಶಿಷ್ಯೆ ಅಂತ ಮೇಷ್ಟ್ರು ಮುಚ್ಚಿಹಾಕ್ತಾವ್ರೆ ಎಂದು ನಕ್ಕರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೀಟು ಕಿತ್ತು ಒಳಗೆ ನೋಡೋಣವೆಂದರೆ, ಅದರ ಕಂಬಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಬ್ಬರು ತಿರುಚಿದರೂ ಅಲುಗಲಿಲ್ಲ. ಪೈಪು ಕೊಯ್ಯಲು ಬಿಡಬೇಕು, ಇಲ್ಲವೇ ಮೋಸ ಒಪ್ಪಿಕೊಳ್ಳಬೇಕು ಎಂದರು ಸಂಘಟಕರು. ನಾನು ಕೈಮುಗಿದು ಬೇಡಿಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಕೊಯ್ಲಿ ಬುಡಿ ಸಾರ್," ಅಂದಳು ಅವಳು. "ನಾಳೆ ಜನರ ಮನೆ ಬಾಗಿಲಿಗೆ ಹೋಗ್ಬೇಕು ನಾನು. ಕಳ್ಳಿ ಅನ್ನಿಸ್ಕೊಂಡು ಹೋಗಕ್ಕಾಗಲ್ಲ."

ಪಕ್ಕದ ವೆಲ್ಡಿಂಗ್ ಅಂಗಡಿಯವನು ಕಟಿಂಗ್ ಮಷೀನ್ ತಂದು ಕೊಯ್ದ. ಒಳಗಿನಿಂದ ಉದುರಿದ್ದು ಒಂದು ಹಿಡಿ ತುಕ್ಕು. ಕೂಗಾಡುತ್ತಿದ್ದವರು ಟೀ ಕುಡಿಯಲು ಜಾರಿಕೊಂಡರು. ಸಂಘಟಕರು ಅವಳ ಕೊರಳಿಗೆ ಪದಕ ಹಾಕಿ ಫೋಟೋ ತೆಗೆಸಿಕೊಂಡರು. ನಾನು ದಿಕ್ಸೂಚಿಯನ್ನು ಜೇಬಿಗೆ ತುರುಕಿಕೊಂಡೆ. ನಾಚಿಕೆಯಿಂದ ಸತ್ತುಹೋಗಿದ್ದೆ.

ಮುರುಕು ಸೈಕಲ್ಲನ್ನು ಆಟೋಗೆ ಏರಿಸಿಕೊಡುವಾಗ ಕೇಳಿದೆ: ಕಬ್ಬಿಣಕ್ಕೂ ಮುಳ್ಳು ತಿರುಗುವುದು ನಿನಗೆ ಗೊತ್ತಿರಲಿಲ್ಲವೇನಮ್ಮ, ಆಗಲೇ ಹೇಳಬಾರದಿತ್ತೇ?

"ಗೊತ್ತಿತ್ತು ಸಾರ್, ನೀವೇ ಅಲ್ವಾ ಹೇಳ್ಕೊಟ್ಟಿದ್ದು," ಅಂದಳು. "ಈಗ ಹೇಳ್ತೀರಾ, ಈಗ ಹೇಳ್ತೀರಾ ಅಂತ ನಿಮ್ಮ ಮುಖಾನೇ ನೋಡ್ಕೊಂಡು ಕಾಯ್ತಾ ನಿಂತಿದ್ದೆ."