ತಿರಸ್ಕರಿಸುತ್ತೇವೆ ಎಂಬ ಸಾಲು

ಬೆಳಿಗ್ಗೆ ಬಟ್ಟೆ ಒಗೆದು ಹೊರಗೆ ಹರವಿದೆ. ನ್ಯೂಜಿಲೆಂಡಿನ ನಮ್ಮ ಈ ಊರು ಅಪ್ಪರ್ ಹಟ್‌ನ ಗಾಳಿಗೆ ಹುಲ್ಲಿನ ಮೇಲೆ ಬಿದ್ದವನ್ನು ಜಾಲಿಸಿ ಮತ್ತೆ ಹರವಿದೆ. ಫ್ರಿಜ್ ಒರೆಸಿದೆ. ಡನೀಡಿನ್‌ನಲ್ಲಿ ಓದುವ ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸೋಫಾದ ಮೇಲಿನ ಇಸ್ತ್ರಿ ಬಟ್ಟೆ ಒಳಗಿಟ್ಟೆ. ಮಧ್ಯಾಹ್ನ ಪಾಸ್ಟರ್ ಬರುವವರಿದ್ದರು.

ನಾನೂ ಯಜಮಾನರೂ ಹುಬ್ಬಳ್ಳಿಯ ಕ್ರೈಸ್ತ ಮನೆತನದವರು. ಜರ್ಮನ್ ಮಿಶನರಿಗಳು ಕಟ್ಟಿದ ಅಲ್ಲಿನ ಸಭೆಯಲ್ಲಿ ಲೂಥರನ್ ಯಾರು, ಅಲ್ಲದವರು ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಎಲ್ಲರೂ ಒಟ್ಟಿಗೇ ಹೋಗುತ್ತಿದ್ದೆವು. ಇಲ್ಲಿ ಸಿಕ್ಕಿದ್ದು ಪುಟ್ಟದೊಂದು ಲೂಥರನ್ ಸಭೆ. ಅದರ ನಂಬಿಕೆಯನ್ನು ಬಾಯಿಬಿಟ್ಟು ಒಪ್ಪಿದವರಿಗಷ್ಟೇ ಅಲ್ಲಿ ಭೋಜನ. ಕಳೆದ ವರ್ಷ ಯಜಮಾನರು ಒಪ್ಪಿ ಸೇರಿದರು. ಅಂದಿನಿಂದ ಭಾನುವಾರ ಅವರು ಎದ್ದು ಮುಂದೆ ಹೋದಾಗ ನಾನು ಬೆಂಚಿನಲ್ಲಿ ಅವರ ಕೋಟು ಹಿಡಿದು ಕೂರುತ್ತೇನೆ. ಇಡೀ ಸಾಲಿಗೆ ನಾನೊಬ್ಬಳೇ. ಮರುದಿನ ಭಾನುವಾರ, ನಾನೂ ಒಪ್ಪಿ ಸೇರುತ್ತೇನೋ ಎಂದು ಕೇಳಲೇ ಪಾಸ್ಟರ್ ಬರುತ್ತಿದ್ದದ್ದು.

ಐನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಚರ್ಚಿನ ಸುಧಾರಣೆ ಶುರುಮಾಡಿ ಈ ಸಭೆಗೆ ತನ್ನ ಹೆಸರು ಕೊಟ್ಟ ಆ ಮನುಷ್ಯನೇ ಅದರ ನಂಬಿಕೆಯನ್ನೆಲ್ಲ ಬರೆದಿಟ್ಟು ಹೋದನೆಂದುಕೊಂಡಿದ್ದೆ. ಹಾಗಲ್ಲ ಎಂದು ಪಾಸ್ಟರ್ ಹೇಳಿಕೊಟ್ಟ ಪಾಠಗಳಿಂದ ತಿಳಿಯಿತು. ಅವನು ತೀರಿಕೊಂಡ ಮೇಲೆ ಹಿಂಬಾಲಿಸಿದವರೊಳಗೇ ಜಗಳ. ಅವನ ಆಪ್ತ ಗೆಳೆಯನಾಗಿದ್ದ ಪ್ರಾಧ್ಯಾಪಕ ಮೆತ್ತಗಿನವನು. ಹೊರಗಿನ ಆಚಾರಗಳಲ್ಲಿ ಬಿಟ್ಟುಕೊಡೋಣ, ಭೋಜನದ ಮಾತನ್ನೂ ತುಸು ಸಡಿಲವಾಗಿಡೋಣ ಎಂದ. ಕ್ಯಾಥೊಲಿಕ್ ಚಕ್ರವರ್ತಿಯ ಬಲವಂತಕ್ಕೆ ಮಣಿದರೆ ಸಣ್ಣದೂ ದೊಡ್ಡದೇ ಎಂದು ಇನ್ನುಳಿದವರು ತಿರುಗಿಬಿದ್ದರು. ವರ್ಷಗಟ್ಟಲೆ ಕಾದಾಡಿದ ಮೇಲೆ ಮುಂದಿನ ತಲೆಮಾರಿನವರು ಕೂತು ಒಂದೊಂದೇ ವಿಷಯಕ್ಕೆ ಬರೆದರು: ಇದನ್ನು ನಂಬುತ್ತೇವೆ, ಇದನ್ನು ತಿರಸ್ಕರಿಸುತ್ತೇವೆ.

ನಂಬುವ ಭಾಗ ನನಗೆ ಹಿಡಿಸಿತ್ತು. ರೊಟ್ಟಿಯೊಂದಿಗೆ ಕರ್ತನ ದೇಹ ನಿಜವಾಗಿ ಸಿಗುತ್ತದೆ, ತಿನ್ನುವವರ ನಂಬಿಕೆ ಎಷ್ಟು ಗಟ್ಟಿ ಎಂಬುದರ ಮೇಲೆ ಅದು ನಿಂತಿಲ್ಲ ಅನ್ನುತ್ತಾರೆ. ನನ್ನಂಥವಳಿಗೆ ದೊಡ್ಡ ಸಮಾಧಾನ. ಆದರೆ ತಿರಸ್ಕರಿಸುವ ಕಡೆ, ಆ ರೊಟ್ಟಿ ಬರೀ ನೆನಪಿನ ಗುರುತು ಎನ್ನುವ ಬೋಧನೆಯಿತ್ತು. ತೀರಿಕೊಂಡ ನನ್ನ ಅವ್ವ ಹೇಳುತ್ತಿದ್ದದ್ದು ಅದನ್ನೇ.

ನಾನು ಚಹಾ ಸೋಸುತ್ತಿದ್ದಾಗ ಯಜಮಾನರು ಬಂದು ನಿಂತರು.

"ಹೂಂ ಅನ್ನೂದಕ್ಕ ಇಷ್ಟ್ಯಾಕ ವಿಚಾರ? ಮದುವ್ಯಾಗ ಒಂದ ಸಲಕ್ಕ ಅಂದಿದ್ದೆಲ್ಲ."

"ಆವಾಗ ಯಾರನ್ನೂ ತಿರಸ್ಕರಿಸು ಅಂದಿರಲಿಲ್ಲಲ್ರೀ. ನಿಮ್ಮವ್ವನ್ನ ಸುದ್ದಾ ಒಪ್ಪಿಕೊಂಡೆ."

ನಕ್ಕರು. ನಾನು ಈ ಸಲ ಒಪ್ಪಲಿ ಎಂಬ ಆಸೆ ಮಾತ್ರ ಮುಖದಿಂದ ಹೋಗಲಿಲ್ಲ.

ಪಾಸ್ಟರ್ ಬಂದು ಕೂತು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ತಿರಸ್ಕಾರ ಬೋಧನೆಗೆ, ಮನುಷ್ಯರಿಗಲ್ಲ. ತಿಳಿಯದೆ ತಪ್ಪಿದ ಸಾಮಾನ್ಯರನ್ನು ಅದನ್ನು ಬರೆದವರೂ ಬೇರೆಯಾಗಿಯೇ ಇಟ್ಟರು. ಅವರ ಮಾತು ಹಟ ಹಿಡಿದು ಕಲಿಸುವವರ ಮೇಲೆ.

"ನನ್ನ ತಾಯಿ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದರು," ಎಂದೆ. "ಹಟವೂ ಇತ್ತು."

ಪಾಸ್ಟರ್ ಕಪ್ಪನ್ನು ಕೆಳಗಿಟ್ಟರು. "ಅವಸರವಿಲ್ಲ. ನಾಳೆ ಬೇಡವಾದರೆ ಬೇಡ."

"ನಾಳೆ ಬೇಡ," ಎಂದೆ. ಮುಂದಿನ ವಾರವೂ ಆಗಲಿಕ್ಕಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಅವರನ್ನು ಕಾರಿನವರೆಗೆ ಬಿಟ್ಟುಬಂದ ಯಜಮಾನರು ಬಾಗಿಲಲ್ಲೇ ನಿಂತು ಕೇಳಿದರು, "ಹಂಗಾರ ನಾಳೆ ನಾನೂ ನಿನ್ನ ಜೋಡಿ ಬೆಂಚಿನ ಮ್ಯಾಲೆ ಕೂಡಲೇನು?"

"ಬ್ಯಾಡ್ರೀ. ನೀವು ನಂಬಿ ಹೋಗಾವ್ರು. ಹೋಗ್ರಿ."

ರಾತ್ರಿ ಊಟಕ್ಕೆ ಅನ್ನ, ಬೇಳೆ ಸಾರು, ಮಧ್ಯಾಹ್ನದ ಬದನೆಕಾಯಿ ಪಲ್ಯ. ಅವರು ಮೊದಲು ನಿದ್ದೆಹೋದರು.